ಕೋಪನ್‌ಹೇಗನ್‌ನಿಂದ ಹೆಲ್ಸಿಂಕಿವರೆಗೆ, ಹಡಗು ಮತ್ತು ರೈಲಿನಲ್ಲಿ: ನಾವು ದಾರಿ ಜೋಡಿಸಿದ ಬಗೆ

ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಒಟ್ಟಿಗೆ ನೋಡಬೇಕೆಂದರೆ ಏಜೆಂಟರು ಸಾಮಾನ್ಯವಾಗಿ ನಾಲ್ಕು ರಾಜಧಾನಿಗಳ ನಡುವೆ ವಿಮಾನದ ಟಿಕೆಟ್ ಹಾಕಿಕೊಡುತ್ತಾರೆ. ನಾವು ಅದನ್ನು ಬಿಟ್ಟೆವು. ಈ ದೇಶಗಳಲ್ಲಿ ಊರಿನಷ್ಟೇ ನೋಡಬೇಕಾದದ್ದು ಊರುಗಳ ನಡುವಿನ ದಾರಿ. ಅದನ್ನು ಮೋಡದ ಮೇಲಿಂದ ದಾಟಿಬಿಟ್ಟರೆ ಅರ್ಧ ಪ್ರವಾಸ ಕೈಬಿಟ್ಟಂತೆ. ನಾವು ಹಾಕಿಕೊಂಡ ಕ್ರಮ ಇದು: ಕೋಪನ್‌ಹೇಗನ್‌ನಿಂದ ಓಸ್ಲೊಗೆ ರಾತ್ರಿ ಹಡಗು, ಓಸ್ಲೊದಿಂದ ಬರ್ಗನ್‌ಗೆ ರೈಲು, ಬರ್ಗನ್‌ನಿಂದ ಸ್ಟಾಕ್‌ಹೋಮ್‌ಗೆ ಮಾತ್ರ ವಿಮಾನ, ಅಲ್ಲಿಂದ ಹೆಲ್ಸಿಂಕಿಗೆ ಮತ್ತೆ ರಾತ್ರಿ ಹಡಗು. ಬೆಂಗಳೂರಿನಿಂದ ಟಿಕೆಟ್ ಕೊಳ್ಳುವಾಗ ‘ಮಲ್ಟಿ ಸಿಟಿ’ ಆಯ್ಕೆ ಮಾಡಿ, ಹೋಗುವುದು ಕೋಪನ್‌ಹೇಗನ್‌ಗೆ, ಮರಳುವುದು ಹೆಲ್ಸಿಂಕಿಯಿಂದ ಎಂದು ಹಾಕಿದರೆ ಹಿಂದಕ್ಕೆ ಓಡುವ ಖರ್ಚು ಉಳಿಯುತ್ತದೆ. ಹನ್ನೆರಡು ರಾತ್ರಿ ಇದ್ದರೆ ಆರಾಮ. ಅದರಲ್ಲಿ ಎರಡು ರಾತ್ರಿ ಹಡಗಿನಲ್ಲೇ ಕಳೆಯುವುದರಿಂದ ಅಷ್ಟು ಹೋಟೆಲ್ ಬಾಡಿಗೆ ಇಲ್ಲ.

ನಾಲ್ಕಕ್ಕೂ ಒಂದೇ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಜಂಟಿ ವೀಸಾ. ಎಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಈ ದಾರಿಯಲ್ಲಿ ಅದು ನಾರ್ವೆ. ಎರಡು ದೇಶಗಳಲ್ಲಿ ರಾತ್ರಿಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶ. ಹೋಟೆಲ್ ಬುಕಿಂಗ್‌ನಲ್ಲಿರುವ ರಾತ್ರಿಗಳ ಲೆಕ್ಕವೂ ಅರ್ಜಿಯಲ್ಲಿ ಬರೆದ ಲೆಕ್ಕವೂ ತಾಳೆಯಾಗದಿದ್ದರೆ ತಕರಾರು ಶುರುವಾಗುವುದು ಅಲ್ಲೇ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಫ್ರಾಂಕ್‌ಫರ್ಟ್ ಥರದ, ಷೆಂಗೆನ್ ದೇಶದ ಊರಿನಲ್ಲಿ ವಿಮಾನ ಬದಲಿಸುವವರಿಗೆ ಇಮಿಗ್ರೇಷನ್ ಅಲ್ಲಿಯೇ ನಡೆಯುತ್ತದೆ. ಈಗ ಬೆರಳಚ್ಚು, ಮುಖದ ಚಿತ್ರವನ್ನೂ ತೆಗೆದುಕೊಳ್ಳುವುದರಿಂದ ಎರಡು ವಿಮಾನಗಳ ನಡುವೆ ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ.

ಯಾವಾಗ ಹೋಗಬೇಕು? ನಮ್ಮ ಶಾಲೆಗಳ ರಜೆಗೆ ಹೊಂದುವ ಮೇ ಎರಡನೇ ಭಾಗವೇ ನನ್ನ ಆಯ್ಕೆ. ಬೆಟ್ಟದ ಮೇಲೆ ಹಿಮ ಇನ್ನೂ ಇರುತ್ತದೆ, ಅದು ಕರಗಿ ಜಲಪಾತಗಳು ತುಂಬಿರುತ್ತವೆ, ರಾತ್ರಿ ಒಂಬತ್ತು ಗಂಟೆಗೂ ಬೆಳಕಿರುತ್ತದೆ. ಮೇ 17 ನಾರ್ವೆಯ ರಾಷ್ಟ್ರೀಯ ದಿನ. ಅಂದು ಓಸ್ಲೊದಲ್ಲಿದ್ದರೆ ಮೆರವಣಿಗೆ ನೋಡಿ, ಅಂಗಡಿಯ ಕೆಲಸ ಇಟ್ಟುಕೊಳ್ಳಬೇಡಿ. ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ನಡುಬೇಸಿಗೆಯ ಹಬ್ಬ. ಊರಿನವರೆಲ್ಲ ಹಳ್ಳಿಗೆ ಹೋಗಿರುತ್ತಾರೆ, ಬಹಳಷ್ಟು ಅಂಗಡಿ ಹೋಟೆಲ್‌ಗಳು ಮುಚ್ಚಿರುತ್ತವೆ. ಶುಕ್ರವಾರದಿಂದ ಭಾನುವಾರದವರೆಗಿನ ಆ ಮೂರು ದಿನ ಸ್ಟಾಕ್‌ಹೋಮ್, ಹೆಲ್ಸಿಂಕಿ ಬೇಡ.

ಫಿನ್‌ಲ್ಯಾಂಡ್‌ನಲ್ಲಿ ಯೂರೋ. ಉಳಿದ ಮೂರರಲ್ಲೂ ಕ್ರೋನ್, ಆದರೆ ಮೂರೂ ಬೇರೆ ಬೇರೆ. ನೋಟು ಬದಲಿಸುವ ಗೋಜೇ ಬೇಡ, ಸ್ಟೇಷನ್ನಿನ ಶೌಚಾಲಯಕ್ಕೂ ಕಾರ್ಡೇ ಉಜ್ಜಬೇಕು. ಹೊರಡುವ ಮುನ್ನ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನೂ ಕಾಂಟ್ಯಾಕ್ಟ್‌ಲೆಸ್ಸನ್ನೂ ಆನ್ ಮಾಡಿ. ಎರಡು ಬ್ಯಾಂಕಿನ ಎರಡು ಕಾರ್ಡ್ ಇರಲಿ.

ಕೋಪನ್‌ಹೇಗನ್ ವಿಮಾನ ನಿಲ್ದಾಣದಿಂದ ಊರೊಳಗೆ ಮೆಟ್ರೋದಲ್ಲಿ ಕಾಲು ಗಂಟೆ. ಒಂದರಿಂದ ನಾಲ್ಕು ವಲಯಗಳ ಸಿಟಿ ಪಾಸ್ ಕೊಂಡರೆ ನಿಲ್ದಾಣವೂ ಅದರಲ್ಲೇ ಸೇರಿದೆ. ಮತ್ಸ್ಯಕನ್ಯೆಯ ಪ್ರತಿಮೆಗೆ ಎಲ್ಲರೂ ಓಡುತ್ತಾರೆ. 1913ರ ಆ ಪ್ರತಿಮೆ ಒಂದೂಕಾಲು ಮೀಟರ್ ಎತ್ತರದ್ದು. ಅದಕ್ಕೆ ಅರ್ಧ ದಿನ ಕೊಡಬೇಡಿ. ಆ ಹೊತ್ತನ್ನು ದುಂಡು ಗೋಪುರಕ್ಕೆ ಕೊಡಿ. 1642ರಲ್ಲಿ ನಕ್ಷತ್ರ ವೀಕ್ಷಣೆಗೆಂದು ಮುಗಿಸಿದ ಈ ಕಟ್ಟಡದೊಳಗೆ ಮೆಟ್ಟಿಲಿನ ಬದಲು ಇಟ್ಟಿಗೆ ಹಾಸಿದ ಇಳಿಜಾರು ದಾರಿ ಏಳೂವರೆ ಸುತ್ತು ಮೇಲೇರುತ್ತದೆ. ಕೊನೆಯಲ್ಲಷ್ಟೇ ಕಿರಿದಾದ ಮೆಟ್ಟಿಲು. ಮೊಣಕಾಲು ನೋವಿನ ಅಪ್ಪ ಅಮ್ಮಂದಿರೂ ಕೈಗಂಬಿ ಹಿಡಿದು ನಿಧಾನಕ್ಕೆ ಹತ್ತಬಹುದು. ಬಣ್ಣಬಣ್ಣದ ಮನೆಗಳ ನ್ಯೂಹಾವ್ನ್ ಕಾಲುವೆಗೆ ಬೆಳಿಗ್ಗೆ ಎಂಟರೊಳಗೆ ಹೋದರೆ ದಂಡೆಯಲ್ಲಿ ನಡೆಯಲು ಜಾಗವಿರುತ್ತದೆ.

ಓಸ್ಲೊ ಹಡಗು ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಸೇರುತ್ತದೆ. ಕಿಟಕಿ ಇರುವ ಕ್ಯಾಬಿನ್‌ಗೆ ಹೆಚ್ಚು ದುಡ್ಡು ಹಾಕುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ, ನೋಡುವುದೆಲ್ಲ ಡೆಕ್ ಮೇಲಿಂದಲೇ. ಯಾವ ರಾತ್ರಿ ಹಡಗಿನಲ್ಲೇ ಆಗಲಿ, ಕಾರು ನಿಲ್ಲಿಸುವ ಅಂತಸ್ತಿಗಿಂತ ಕೆಳಗಿನ ಅತಿ ಅಗ್ಗದ ಕ್ಯಾಬಿನ್ ಮಾತ್ರ ಬೇಡ. ಎಂಜಿನ್ ಸದ್ದಿಗೆ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಬೇಗ ಎದ್ದು ಜಾಕೆಟ್ ಹಾಕಿಕೊಂಡು ಮೇಲೆ ಬನ್ನಿ. ಓಸ್ಲೊ ಫಿಯೋರ್ಡ್ (ನೆಲದೊಳಕ್ಕೆ ಚಾಚಿದ ಸಮುದ್ರದ ಕಿರಿದಾದ ತೋಳು) ಡ್ರೋಬಾಕ್ ಊರಿನ ಬಳಿ ಇಕ್ಕಟ್ಟಾಗುತ್ತದೆ. ಎಡಕ್ಕೆ ಕಾಣುವುದು ಆಸ್ಕರ್ಸ್‌ಬೋರ್ಗ್ ಕೋಟೆ. 1940ರ ಏಪ್ರಿಲ್ 9ರಂದು ಜರ್ಮನಿಯ ಬ್ಲೂಷರ್ ಯುದ್ಧನೌಕೆಯನ್ನು ಮುಳುಗಿಸಿದ್ದು ಇಲ್ಲಿಂದಲೇ.

ಓಸ್ಲೊದಲ್ಲಿ ವೈಕಿಂಗ್ (ಈ ನಾಡಿನ ಪ್ರಾಚೀನ ಕಡಲಯಾನಿಗಳು) ಹಡಗುಗಳ ಹಳೆಯ ಮ್ಯೂಸಿಯಂ ಹೊಸ ಕಟ್ಟಡಕ್ಕಾಗಿ ಮುಚ್ಚಿದೆ, ಹಳೆಯ ಗೈಡ್ ಪುಸ್ತಕ ನಂಬಿ ಹೋಗಬೇಡಿ. ಒಪೆರಾ ಹೌಸ್‌ನ ಇಳಿಜಾರು ಛಾವಣಿಯ ಮೇಲೆ ನಡೆಯಲು ಟಿಕೆಟ್ ಇಲ್ಲ. ಆದರೆ ಮಳೆ ಬಂದಾಗ ಅಮೃತಶಿಲೆ ಜಾರುತ್ತದೆ. ವಿಗೆಲಾಂಡ್ ಶಿಲ್ಪೋದ್ಯಾನವೂ ಉಚಿತ, ದಿನವಿಡೀ ತೆರೆದಿರುತ್ತದೆ. ನಾರ್ವೆಯ ಚಿತ್ರಕಾರ ಮುಂಕ್‌ನ ‘ಚೀತ್ಕಾರ’ದ ಪ್ರಸಿದ್ಧ 1893ರ ವರ್ಣಚಿತ್ರ ಇರುವುದು ನ್ಯಾಷನಲ್ ಮ್ಯೂಸಿಯಂನಲ್ಲಿ. ಮುಂಕ್ ಮ್ಯೂಸಿಯಂನಲ್ಲಿರುವ ಬೇರೆ ಆವೃತ್ತಿಗಳನ್ನು ಒಂದಾದ ಮೇಲೊಂದರಂತೆ ತೆರೆದು ತೋರಿಸುತ್ತಾರೆ. ಕಾಗದ ಬೆಳಕಿಗೆ ಹಾಳಾಗುತ್ತದೆಂಬುದೇ ಕಾರಣ.

ಬರ್ಗನ್ ದಾರಿಯನ್ನು ಎರಡು ದಿನಕ್ಕೆ ಹಂಚಿ. ಒಂದೇ ದಿನದಲ್ಲಿ ಮುಗಿಸುವವರು ಬಹಳ. ಆಗ ಫಿಯೋರ್ಡ್ ನೋಡುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ. ಮೊದಲ ದಿನ ಬೆಳಗಿನ ರೈಲು. ಸುಮಾರು ಐದು ಗಂಟೆಯಲ್ಲಿ ಮಿರ್ಡಾಲ್. ಅದಕ್ಕೂ ಮುಂಚೆ ಬರುವ ಫಿನ್ಸೆ ನಿಲ್ದಾಣ 1,222 ಮೀಟರ್ ಎತ್ತರದಲ್ಲಿದೆ, ಮೇ ತಿಂಗಳಲ್ಲೂ ಸುತ್ತ ಬರೀ ಬಿಳುಪು. ಮಿರ್ಡಾಲ್‌ನಲ್ಲಿ ಇಳಿದು ಫ್ಲೋಮ್ ರೈಲು ಹಿಡಿಯಬೇಕು. 20 ಕಿಲೋಮೀಟರಿನಲ್ಲಿ 866 ಮೀಟರ್‌ನಿಂದ ಸಮುದ್ರಮಟ್ಟಕ್ಕೆ, 20 ಸುರಂಗಗಳ ಮೂಲಕ ಒಂದು ಗಂಟೆಯ ಇಳಿತ. ಕಡಿದಾದ ಕಡೆ ಪ್ರತಿ 18 ಮೀಟರಿಗೆ ಒಂದು ಮೀಟರ್ ಇಳಿಯುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲು ಕಂಡವರಿಗೆ ಈ ಇಳಿಜಾರು ಎಷ್ಟು ಕಡಿದಾದದ್ದೆಂದು ಬೇಗ ಅರ್ಥವಾದೀತು, ಆ ಘಟ್ಟದಲ್ಲಿರುವುದು 50ಕ್ಕೆ ಒಂದು. ಕ್ಯೋಸ್‌ಫೊಸೆನ್ ಜಲಪಾತದ ಬಳಿ ಐದು ನಿಮಿಷ ನಿಲ್ಲಿಸುತ್ತಾರೆ. ತುಂತುರಿಗೆ ಲೆನ್ಸ್ ತೋಯುತ್ತದೆ, ಒರೆಸುವ ಬಟ್ಟೆ ಜೇಬಿನಲ್ಲಿರಲಿ.

ಓಸ್ಲೊದಿಂದ ಫ್ಲೋಮ್‌ವರೆಗೆ ಒಂದೇ ಟಿಕೆಟ್ ಕೊಳ್ಳಿ. ಬೇರೆ ಬೇರೆ ಕೊಂಡು ಮೊದಲ ರೈಲು ತಡವಾದರೆ ಎರಡನೆಯದರ ದುಡ್ಡು ಹೋಗುತ್ತದೆ. ಸುಮಾರು ಮೂರು ತಿಂಗಳ ಮುಂಚೆ ಬಿಡುಗಡೆಯಾಗುವ ಅಗ್ಗದ ಟಿಕೆಟ್‌ಗಳು ಬೇಗ ಖಾಲಿಯಾಗುತ್ತವೆ. ಬೇಸಿಗೆಯಲ್ಲಿ ಹಳಿ ದುರಸ್ತಿಗೆಂದು ಕೆಲವು ದಿನ ರೈಲಿನ ಬದಲು ಬಸ್ ಓಡಿಸುತ್ತಾರೆ, ದಿನಾಂಕ ಹಾಕುವ ಮುನ್ನ ನೋಡಿಕೊಳ್ಳಿ. ರಾತ್ರಿ ಫ್ಲೋಮ್‌ನಲ್ಲಿ ತಂಗಿ. ಪ್ರವಾಸಿ ಹಡಗುಗಳು ಸಂಜೆಗೆ ಹೊರಟುಬಿಟ್ಟರೆ ಊರು ಖಾಲಿ. ಮರುದಿನ ಎರಡು ಗಂಟೆಯ ದೋಣಿ ನೆರೋಯ್ ಫಿಯೋರ್ಡ್ ದಾಟಿ ಗುಡ್‌ವಾಂಗೆನ್‌ಗೆ ಬಿಡುತ್ತದೆ. ಅಲ್ಲಿಂದ ಬಸ್ಸಿನಲ್ಲಿ ವಾಸ್, ವಾಸ್‌ನಿಂದ ರೈಲಿನಲ್ಲಿ ಬರ್ಗನ್. ಪ್ರತಿ ಬದಲಾವಣೆಯಲ್ಲೂ ಪೆಟ್ಟಿಗೆ ನೀವೇ ಎಳೆಯಬೇಕು, ಆದ್ದರಿಂದ ತಲೆಗೊಂದೇ ಚಕ್ರದ ಪೆಟ್ಟಿಗೆ. ಬರ್ಗನ್‌ನಲ್ಲಿ ಮಳೆಕೋಟು ಬೇಕೇ ಬೇಕು. ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಸ್ಟಾಕ್‌ಹೋಮ್‌ನಲ್ಲಿ ಬೇರೇನು ಬಿಟ್ಟರೂ ವಾಸಾ ಮ್ಯೂಸಿಯಂ ಬಿಡಬೇಡಿ. 1628ರ ಆಗಸ್ಟ್ 10ರಂದು ಹೊರಟ ವಾಸಾ ಎಂಬ ಯುದ್ಧನೌಕೆ ಸುಮಾರು 1,300 ಮೀಟರ್ ಸಾಗಿ ಮುಳುಗಿತು. ಫಿರಂಗಿಗಳಿಗೆಂದೇ ಎರಡು ಅಂತಸ್ತು, ಒಟ್ಟು 64 ಫಿರಂಗಿ, ತಳದಲ್ಲಿ ಅದಕ್ಕೆ ತಕ್ಕ ತೂಕ ಇಲ್ಲ. ಗಾಳಿಗೆ ವಾಲಿದಾಗ ಕೆಳಗಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಬಾಲ್ಟಿಕ್ ಸಮುದ್ರದ ಕಡಿಮೆ ಉಪ್ಪಿನ ನೀರಿನಲ್ಲಿ ಮರ ಕೊರೆಯುವ ಹಡಗುಹುಳು ಬದುಕುವುದಿಲ್ಲ. ಅದಕ್ಕೇ 1961ರಲ್ಲಿ ಮೇಲೆತ್ತಿದಾಗ ಹಡಗು ಇಡಿಯಾಗಿ ಸಿಕ್ಕಿತು. ಮರ ಒಣಗಿ ಸೀಳದಂತೆ ಹದಿನೇಳು ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಸಿಂಪಡಿಸಿದರು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯುತ್ತಾರೆ, ಉಳಿದ ತಿಂಗಳು ಹತ್ತಕ್ಕೆ. ತೆಗೆದ ಕೂಡಲೇ ಒಳಹೋಗಿ, ನೇರ ಮೇಲಿನ ಮಹಡಿಗೆ ಹತ್ತಿ ಅಲ್ಲಿಂದ ಇಳಿಯುತ್ತ ಬನ್ನಿ. ಹಿಂಭಾಗದ ಕೆತ್ತನೆ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ. ಒಳಗೆ ತಣ್ಣಗೆ, ಮಬ್ಬು ಬೆಳಕು, ಸ್ವೆಟರ್ ಬೇಕು.

ಮೆಟ್ರೋ ಟಿಕೆಟ್ 75 ನಿಮಿಷ ನಡೆಯುತ್ತದೆ. ಟಿ-ಸೆಂಟ್ರಾಲೆನ್, ಕುಂಗ್‌ಸ್ಟ್ರೆಡ್‌ಗೋರ್ಡೆನ್, ಸೋಲ್ನಾ ಸೆಂಟ್ರುಮ್ ಮೂರೂ ನೀಲಿ ಮಾರ್ಗದಲ್ಲಿವೆ. ಬಂಡೆಯ ಮೇಲೇ ಬಣ್ಣ ಬಳಿದ ಆ ನಿಲ್ದಾಣಗಳನ್ನು ಒಂದೇ ಟಿಕೆಟ್‌ನಲ್ಲಿ ನೋಡಿ ಮುಗಿಸಬಹುದು.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಫಲಾಫೆಲ್ ಎಲ್ಲೆಡೆ ಇದೆ. ಫಿನ್‌ಲ್ಯಾಂಡ್‌ನಲ್ಲಿ ರೈ ಹಿಟ್ಟಿನ ಹಾಳೆಯೊಳಗೆ ಹಾಲನ್ನ ತುಂಬಿ ಸುಟ್ಟ ಕರೇಲಿಯನ್ ಪೈ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ. ಅದರ ಮೇಲೆ ಮೊಟ್ಟೆ ಬೆರೆಸಿದ ಬೆಣ್ಣೆ ಸವರುವುದುಂಟು, ಕೇಳಿ ಕೊಳ್ಳಿ. ಊರಿನಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಧಾರವಾಡ ಪೇಡ, ಹಸಿ ಕರಿಬೇವು ಬೇಡ. ಹಾಲಿನ ಪದಾರ್ಥ, ಹಸಿ ಸೊಪ್ಪು ತರಲು ಐರೋಪ್ಯ ಒಕ್ಕೂಟದ ನಿಯಮ ಬಿಡುವುದಿಲ್ಲ.

ಹೆಲ್ಸಿಂಕಿ ಹಡಗುಗಳನ್ನು ನಡೆಸುವ ಎರಡು ಕಂಪನಿಗಳ ಹಡಗುಕಟ್ಟೆಗಳು ಸ್ಟಾಕ್‌ಹೋಮ್‌ನ ಬೇರೆ ಬೇರೆ ಮೂಲೆಯಲ್ಲಿವೆ. ಟಿಕೆಟ್ ಮೇಲಿನ ಕಟ್ಟೆಯ ಹೆಸರು ನೋಡಿಯೇ ಹೊರಡಿ. ಹೊರಟ ಮೊದಲ ಮೂರು ಗಂಟೆ ಸಾವಿರಾರು ದ್ವೀಪಗಳ ನಡುವಿನ ದಾರಿ. ಊಟದ ಎರಡನೇ ಪಾಳಿ ಕಾಯ್ದಿರಿಸಿ ಆ ಹೊತ್ತು ಡೆಕ್ ಮೇಲೆ ಕಳೆಯಿರಿ. ಫಿನ್‌ಲ್ಯಾಂಡ್‌ನ ಗಡಿಯಾರ ಒಂದು ಗಂಟೆ ಮುಂದೆ, ಅಲಾರಂ ಅದಕ್ಕೆ ತಕ್ಕಂತಿರಲಿ.

ಹೆಲ್ಸಿಂಕಿಯಲ್ಲಿ ಬಂಡೆ ಕೊರೆದು ಕಟ್ಟಿದ ಟೆಂಪೆಲಿಯೌಕಿಯೊ ಚರ್ಚ್, 2018ರಲ್ಲಿ ತೆರೆದ ‘ಓಡಿ’ ಗ್ರಂಥಾಲಯ ಎರಡೂ ನಡೆದೇ ಮುಗಿಯುತ್ತವೆ. ಅರ್ಧ ದಿನ ಸುಓಮೆನ್‌ಲಿನ್ನಾ ದ್ವೀಪಕೋಟೆಗೆ ಇರಲಿ. ಮಾರುಕಟ್ಟೆ ಚೌಕದಿಂದ ಸಾರ್ವಜನಿಕ ದೋಣಿಯಲ್ಲಿ ಕಾಲು ಗಂಟೆ, ಊರ ಟ್ರಾಮಿನ ಎಬಿ (ಎ ಮತ್ತು ಬಿ ವಲಯಗಳ) ಟಿಕೆಟ್ ಅಲ್ಲಿಗೂ ಸಾಕು. ಮರಳುವ ದಿನ ವಿಮಾನ ನಿಲ್ದಾಣಕ್ಕೆ ಐ ಅಥವಾ ಪಿ ರೈಲು, ಸುಮಾರು ಅರ್ಧ ಗಂಟೆ. ಅದಕ್ಕೆ ಎಬಿ ಸಾಲದು, ಎಬಿಸಿ ಟಿಕೆಟ್ ತೆಗೆದುಕೊಳ್ಳಿ.