‘ಫಾಯ್ದೆ’ ಯಾರದ್ದು? ಜೂಜಿನ ಪ್ರಕರಣವೊಂದನ್ನು ಓದಿಕೊಳ್ಳುವ ಕ್ರಮ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಠಾಣೆಗಳಲ್ಲಿ ದಾಖಲಾಗುವ ಜೂಜಿನ ಎಫ್‌ಐಆರ್‌ಗಳನ್ನು ನಾಲ್ಕಾರು ಓದಿದವರಿಗೆ ಒಂದು ಒಕ್ಕಣೆ ಬಾಯಿಪಾಠವಾಗಿಬಿಡುತ್ತದೆ. ಆರೋಪಿತರು ‘ತಮ್ಮ ತಮ್ಮ ಫಾಯ್ದೆಗೋಸ್ಕರ’ ಸಾರ್ವಜನಿಕ ಜಾಗದಲ್ಲಿ ಕುಳಿತು, ಇಸ್ಪೀಟ್ ಎಲೆಗಳ ಸಹಾಯದಿಂದ ‘ಅಂದರ್-ಬಾಹರ್ ಎಂಬ ನಸೀಬದ ಜೂಜಾಟ’ ಆಡುತ್ತಿದ್ದಾಗ ಸಿಕ್ಕಿಬಿದ್ದರು ಎಂಬುದು ಅದರ ಸಾರ. ಊರಿನ ಹೆಸರು, ಗುಡಿಯ ಕಟ್ಟೆ, ಜಪ್ತಿಯಾದ ಹಣ ಇವು ಬದಲಾಗುತ್ತವೆ, ಒಕ್ಕಣೆ ಬದಲಾಗುವುದಿಲ್ಲ. ಆ ವಾಕ್ಯದ ಒಂದೊಂದು ಪದವೂ ಕಾಯ್ದೆಯ ಯಾವುದೋ ಒಂದು ಷರತ್ತನ್ನು ತುಂಬಲೆಂದೇ ಅಲ್ಲಿ ಕುಳಿತಿರುತ್ತದೆ. ಆದರೆ ‘ಫಾಯ್ದೆ’ ಎಂಬ ಪದ ಮಾತ್ರ ಬಹಳ ಸಲ ತಪ್ಪು ಜನರ ಹೆಸರಿನ ಮುಂದೆ ಇರುತ್ತದೆ, ಏಕೆಂದರೆ ಜೂಜುಕಟ್ಟೆಯ ವ್ಯಾಖ್ಯೆಯಲ್ಲಿ ಕಾಯ್ದೆ ಕೇಳುವುದು ಆಡಿದವನ ಲಾಭವನ್ನಲ್ಲ, ಆಡಿಸಿದವನ ಲಾಭವನ್ನು.

ಮನೆಯ ಹುಡುಗನ ಹೆಸರು ಇಂಥ ಪ್ರಕರಣದಲ್ಲಿ ಸೇರಿಕೊಂಡಿರುವವರು, ರಿಕ್ರಿಯೇಷನ್ ಕ್ಲಬ್ಬಿಗೆ ಸದಸ್ಯರಾಗಲು ಕರೆ ಬಂದಿರುವವರು, ಮೊಬೈಲ್ ಆಟದಲ್ಲಿ ಹಣ ಕಳೆದುಕೊಂಡವರು ಕಾಯ್ದೆಯನ್ನು ಯಾವ ಕ್ರಮದಲ್ಲಿ ಓದಿಕೊಳ್ಳಬೇಕು ಎಂಬುದನ್ನು ತಿಳಿಸುವುದಕ್ಕಾಗಿ ಈ ಬರಹ. ಜೂಜು ನಡೆಸುವವರಿಗೆ ಇದರಿಂದ ಹೊಸದೇನೂ ಸಿಗಲಾರದು. ಇದರಲ್ಲಿನ ಬಿರುಕುಗಳನ್ನು ಅವರು ಎಂದೋ ಅರಿತಿದ್ದಾರೆ.

ಮೊದಲು ಯಾವ ಕಾನೂನು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೆಯ ನಮೂದು ಪಣ ಮತ್ತು ಜೂಜು. ಆದ್ದರಿಂದ ಒಂದೊಂದು ರಾಜ್ಯಕ್ಕೆ ಒಂದೊಂದು ನ್ಯಾಯ. ನಮ್ಮಲ್ಲಿ ಅಪರಾಧವಾಗುವ ಆಟ, ರಾತ್ರಿ ಹೊರಟು ಬೆಳಗಾಗುವುದರೊಳಗೆ ತಲುಪಬಹುದಾದ ಪಣಜಿಯಲ್ಲಿ ಪರವಾನಗಿ ಪಡೆದ ವ್ಯವಹಾರ. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಿಗೂ ನೀರಿನ ಮೇಲಿನ ಹಡಗುಗಳಿಗೂ ಬಾಗಿಲು ತೆರೆಯಿತು. ಲಾಟರಿಯದು ಇನ್ನೊಂದು ಕಥೆ. ಕೇರಳ ಸರ್ಕಾರವೇ ಅದನ್ನು ನಡೆಸುತ್ತದೆ, ಕರ್ನಾಟಕ 2007ರಲ್ಲಿ ಅದನ್ನು ನಿಷೇಧಿಸಿತು. ಅಲ್ಲಿ ಕಾನೂನುಬದ್ಧವಾಗಿದೆ ಎಂಬ ಕಾರಣ ಇಲ್ಲಿ ಸಿಕ್ಕಿಬಿದ್ದವನಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ನಮ್ಮ ಭಾಗಕ್ಕೆ ಅನ್ವಯಿಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಎಫ್‌ಐಆರ್ ಪ್ರತಿಯನ್ನು ತೆಗೆದುಕೊಂಡು ಮೊದಲು ಕಲಂ ಸಂಖ್ಯೆ ನೋಡಿ. ಪ್ರತಿ ಸಿಕ್ಕಿಲ್ಲವೆಂದರೆ ರಾಜ್ಯ ಪೊಲೀಸರ ಜಾಲತಾಣದಲ್ಲಿ ಹುಡುಕಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ. ಕಲಂ 87 ಎಂದಿದ್ದರೆ ರಸ್ತೆ, ಬಯಲು, ಜನರಿಗೆ ಪ್ರವೇಶವಿರುವ ಯಾವುದೇ ಜಾಗದಲ್ಲಿ ಆಡಿದ ಆರೋಪ. 79 ಎಂದರೆ ಜೂಜುಕಟ್ಟೆ ಇಟ್ಟುಕೊಂಡದ್ದು, 80 ಎಂದರೆ ಆ ಕಟ್ಟೆಯಲ್ಲಿ ಆಡಿದ್ದು. 78 ಎಂದರೆ ಸಾಮಾನ್ಯವಾಗಿ ಓಸಿ, ಮಟ್ಕಾ ಎಂಬ ಅಂಕಿಗಳ ಜೂಜು.

ಇಲ್ಲಿ ಜಾಗದ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಸ್ಪೀಟಿನಂಥ ಆಟಗಳ ಮಟ್ಟಿಗೆ, ಒಂದು ಮನೆ ‘ಸಾಮಾನ್ಯ ಜೂಜುಕಟ್ಟೆ’ ಎನಿಸಿಕೊಳ್ಳಬೇಕಾದರೆ ಅದರ ಒಡೆಯನೋ ಅದನ್ನು ಹಿಡಿದುಕೊಂಡವನೋ ಜೂಜಿನ ಸಾಧನಗಳನ್ನು ತನ್ನ ಲಾಭಕ್ಕಾಗಿ ಇಟ್ಟಿರಬೇಕು, ಅಂದರೆ ಕೂರಲು ಬಾಡಿಗೆಯನ್ನೋ ಪ್ರತಿ ಆಟಕ್ಕೆ ಒಂದು ಪಾಲನ್ನೋ ತೆಗೆದುಕೊಳ್ಳುತ್ತಿರಬೇಕು. ದೀಪಾವಳಿಯ ಪಾಡ್ಯದ ರಾತ್ರಿ ಅಣ್ಣತಮ್ಮಂದಿರು, ಅಳಿಯಂದಿರು ಮನೆಯ ಪಡಸಾಲೆಯಲ್ಲಿ ಎಲೆ ಹಾಕಿ ಕುಳಿತರೆ, ಮನೆಯೊಡೆಯ ಯಾರಿಂದಲೂ ಏನನ್ನೂ ಎತ್ತಿಟ್ಟುಕೊಳ್ಳದಿದ್ದರೆ, ಆ ವ್ಯಾಖ್ಯೆಯೊಳಗೆ ಅದು ಸುಲಭವಾಗಿ ಬೀಳುವುದಿಲ್ಲ. ಅದೇ ಜನ ಸೆಕೆಯೆಂದು ಹೊರಬಂದು ಓಣಿಯ ಕಟ್ಟೆಯ ಮೇಲೆ ಚಾಪೆ ಹಾಸಿದರೆ ಕಲಂ 87 ಬಂದು ಕುಳಿತುಕೊಳ್ಳುತ್ತದೆ, ಮತ್ತು ಆ ಕಲಮು ಯಾರ ಲಾಭವನ್ನೂ ವಿಚಾರಿಸುವುದಿಲ್ಲ. ಹತ್ತು ಹೆಜ್ಜೆಯ ಅಂತರದಲ್ಲಿ ಅದೇ ಆಟ ಅಪರಾಧವಾಗುತ್ತದೆ. ದೊಡ್ಡ ಪಡಸಾಲೆ ಇದ್ದವನಿಗೆ ಇದು ಅನುಕೂಲ. ಒಂದೇ ಕೋಣೆಯ ಮನೆಯವನು ಆಡುವುದೇ ಬಯಲಿನಲ್ಲಿ. ಠಾಣೆಯ ಪಟ್ಟಿಗಳಲ್ಲಿ 87ರ ಪ್ರಕರಣಗಳಿಗೆ ಬರವಿಲ್ಲದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. ಆದ್ದರಿಂದ ಪಂಚನಾಮೆಯಲ್ಲಿ ಬರೆದ ಚಕ್ಕುಬಂದಿಯನ್ನು ಎಚ್ಚರಿಕೆಯಿಂದ ಓದಿ: ಅದು ಸಾರ್ವಜನಿಕರು ತಿರುಗಾಡುವ ಜಾಗವೇ, ಬೇಲಿಯೊಳಗಿನ ಹೊಲವೇ, ಯಾರದಾದರೂ ಹಿತ್ತಲೇ ಎಂಬುದನ್ನು ವಕೀಲರಿಗೆ ಸ್ಪಷ್ಟವಾಗಿ ಹೇಳಬೇಕು.

ಎರಡನೆಯದು ಆಟದ ಪ್ರಶ್ನೆ. ನಸೀಬದ ಆಟ, ಕೌಶಲದ ಆಟ ಎಂಬ ಭೇದ ಹಳೆಯದು. ಹದಿಮೂರು ಎಲೆಗಳ ರಮ್ಮಿಯಲ್ಲಿ ಕೌಶಲವೇ ಪ್ರಧಾನ, ಮೂರೆಲೆಯ ಆಟ ಬರೀ ನಸೀಬ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಆಂಧ್ರದ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಹೇಳಿತು. ಕುದುರೆ ಓಟವೂ ಕೌಶಲದ್ದೇ ಎಂದು 1996ರಲ್ಲಿ ಹೇಳಿತು. ಕ್ಲಬ್ಬಿನವರು ನಿಮ್ಮ ಮುಂದೆ ಇಡುವುದು 1967ರ ತೀರ್ಪಿನ ಈ ಅರ್ಧವನ್ನು ಮಾತ್ರ. ಆಟದಿಂದ ಕ್ಲಬ್ಬಿನ ಒಡೆಯ ಲಾಭ ಮಾಡಿಕೊಳ್ಳುತ್ತಿದ್ದರೆ ಮಾತು ಬೇರೆಯಾದೀತು ಎಂಬ ಎಚ್ಚರಿಕೆಯೂ ಅದೇ ತೀರ್ಪಿನಲ್ಲಿದೆ. ಸದಸ್ಯರಾಗುವ ಮುನ್ನ ಶುಲ್ಕ ಯಾವುದಕ್ಕೆ ಎಂದು ಕೇಳಿ ರಸೀದಿ ಪಡೆಯಿರಿ. ಎಲೆ, ಮೇಜು, ಚಹಾಕ್ಕೆ ಹಣ ತೆಗೆದುಕೊಳ್ಳುವುದು ಒಂದು. ಪ್ರತಿ ಆಟದ ಗಲ್ಲೆಯಿಂದ ಪಾಲು ಎತ್ತುವುದು ಇನ್ನೊಂದು.

ನಮ್ಮ ಕಾಯ್ದೆಯ ಕಲಂ 176 ಕೌಶಲದ ಆಟಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಅದರ ಮೂಲ ಮಾತುಗಳನ್ನು ಗಮನಿಸಿ: ವಿನಾಯಿತಿ ಇರುವುದು 79 ಮತ್ತು 80ನೆಯ ಕಲಮುಗಳಿಂದ, 78 ಮತ್ತು 87ರ ಹೆಸರನ್ನು ಅದು ಎತ್ತುವುದೇ ಇಲ್ಲ. ಅಲ್ಲದೆ ಅದು ‘ಶುದ್ಧ’ ಕೌಶಲದ ಆಟ ಎನ್ನುತ್ತದೆ, ಕೋರ್ಟುಗಳು ‘ಪ್ರಧಾನವಾಗಿ’ ಕೌಶಲವಿದ್ದರೆ ಸಾಕು ಎನ್ನುತ್ತವೆ. ಪಣವೂ ಆಟದಲ್ಲಿ ಪಾಲ್ಗೊಂಡವರದ್ದಾಗಿರಬೇಕು. ಹಾವೇರಿ ಕಡೆಯ ಓದುಗರಿಗೆ ಈ ಕೊನೆಯ ಮಾತು ಮುಖ್ಯ. ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ಮೇಲೆ, ಕಂಬಳ ಮತ್ತು ಎತ್ತಿನ ಗಾಡಿ ಓಟಗಳನ್ನು ಷರತ್ತುಗಳೊಡನೆ ನಡೆಸಬಹುದು. ಹೋರಿಯ ಒಡೆಯನಿಗೆ ಬಹುಮಾನ ಕೊಡುವುದು ಬೇರೆ. ಅಖಾಡದ ಹೊರಗೆ ನಿಂತ ಇಬ್ಬರು ಯಾವ ಹೋರಿ ಗೆದ್ದೀತು ಎಂದು ಹಣ ಕಟ್ಟುವುದು ಬೇರೆ. ಸ್ಪರ್ಧೆಗೆ ಸಿಕ್ಕ ಅನುಮತಿ ಪಣಕ್ಕೆ ಅನುಮತಿಯಲ್ಲ.

ಮಟ್ಕಾದ ವಿಷಯ ಬಂದಾಗ ಮೇಲೆ ಹೇಳಿದ ‘ಒಡೆಯನ ಲಾಭ’ದ ಷರತ್ತು ಬಿದ್ದುಹೋಗುತ್ತದೆ. ಅಂಕಿಗಳ ಮೇಲೆ ಜೂಜು ನಡೆಯುವ ಯಾವ ಜಾಗವಾದರೂ ಜೂಜುಕಟ್ಟೆಯೇ. ಕಲಂ 78ರಲ್ಲಿ ಹತ್ತಿ, ಚಿನ್ನ-ಬೆಳ್ಳಿ ಮುಂತಾದ ಸರಕುಗಳ ಮಾರುಕಟ್ಟೆ ದರದ ಮೇಲಿನ, ಆ ದರದ ಅಂಕಿಗಳ ಮೇಲಿನ ಜೂಜು ಹೆಸರಿಸಿಯೇ ಬರುತ್ತದೆ. ಹತ್ತಿ ಅಲ್ಲೇಕೆ ಬಂತು ಎಂದು ಕೇಳುವ ಕಿರಿಯ ವಕೀಲರುಂಟು. ನ್ಯೂಯಾರ್ಕಿನಿಂದ ಮುಂಬೈಗೆ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಜನ ಹಣ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರುವುದು ನಿಂತಾಗ ಗಡಿಗೆಯಿಂದ ಚೀಟಿ ಎತ್ತುವುದು ಶುರುವಾಯಿತು. ‘ಓಪನ್’ ಮತ್ತು ‘ಕ್ಲೋಸ್’ ಸೇರಿ ಓಸಿ ಆಯಿತು, ಗಡಿಗೆಯಿಂದ ಮಟ್ಕಾ ಎಂಬ ಹೆಸರು ಬಂತು. ಹತ್ತಿ ಬೆಳೆಯುವ, ಹತ್ತಿ ಮಾರುವ ಗದಗ-ಹುಬ್ಬಳ್ಳಿಯವರಿಗೆ ಇಲ್ಲೊಂದು ವಿಚಿತ್ರ ಕಾಣುತ್ತದೆ. ನೋಂದಾಯಿತ ವಿನಿಮಯ ಕೇಂದ್ರದಲ್ಲಿ ಹತ್ತಿಯ ಮುಂಗಡ ವಾಯಿದೆ ವ್ಯಾಪಾರ ಮಾಡಿದರೆ ಅದು ಹೂಡಿಕೆ. ಅದೇ ದರವನ್ನು ನಂಬಿ ಅಡತಿ ಅಂಗಡಿಯ ಹಿಂದೆ ಬಾಯಿಮಾತಿನ ಸೌದಾ ಮಾಡಿ ದರದ ವ್ಯತ್ಯಾಸವನ್ನಷ್ಟೇ ಎಣಿಸಿಕೊಂಡರೆ ಅದು ಜೂಜು. ಬ್ಯಾಡಗಿಯ ಮೆಣಸಿನಕಾಯಿಗೂ ಇದೇ ಮಾತು. ಸರಕು ಕೈ ಬದಲಾಯಿಸುವ ಉದ್ದೇಶ ಎರಡೂ ಕಡೆಯವರಿಗೆ ಇತ್ತೇ ಎಂಬುದನ್ನು ತೋರಿಸುವ ಕಾಗದ ಇಲ್ಲದ ಯಾವ ವಾಯಿದೆ ವ್ಯವಹಾರಕ್ಕೂ ಕೈ ಹಾಕಬೇಡಿ.

ಇನ್ನು ಶಿಕ್ಷೆ ಮತ್ತು ತನಿಖೆಯ ಕ್ರಮ. 2021ರ ತಿದ್ದುಪಡಿಗೆ ಮುಂಚಿನ ಪೊಲೀಸ್ ಕಾಯ್ದೆಯಂತೆ ಕಲಂ 87, 78ರ ಬಹುಪಾಲು ಪ್ರಕರಣಗಳು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 174ರಲ್ಲಿದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 155ರಲ್ಲಿತ್ತು. ಮೊದಲು ದಾಳಿ ಮಾಡಿ, ಆಮೇಲೆ ಅನುಮತಿ ಪಡೆದ, ಅಥವಾ ಅರ್ಜಿಯ ಅಂಚಿನಲ್ಲಿ ‘ಅನುಮತಿಸಿದೆ’ ಎಂಬ ಒಂದೇ ಪದ ಬರೆಸಿಕೊಂಡ ಪ್ರಕರಣಗಳನ್ನು ಹೈಕೋರ್ಟಿನ ಧಾರವಾಡ, ಕಲಬುರಗಿ ಪೀಠಗಳು ಮತ್ತೆ ಮತ್ತೆ ರದ್ದುಪಡಿಸಿವೆ. ಹಾಗಾಗಿ ದಿನಾಂಕ ಮತ್ತು ಗಂಟೆಗಳನ್ನು ಬರೆದಿಟ್ಟುಕೊಳ್ಳಿ: ದಾಳಿ ಎಷ್ಟು ಹೊತ್ತಿಗೆ, ಅನುಮತಿ ಯಾವಾಗ, ಎಫ್‌ಐಆರ್ ಯಾವಾಗ. ನಮ್ಮ ಮೂರೂ ಜಿಲ್ಲೆಗಳವರು ರದ್ದತಿ ಕೋರಿ ಅರ್ಜಿ ಹಾಕಬೇಕಾದದ್ದು ಧಾರವಾಡದ ಪೀಠದಲ್ಲಿಯೇ. ಬೆಂಗಳೂರಿಗೆ ಹೋಗುವ ಕಾಲ 2008ಕ್ಕೇ ಮುಗಿಯಿತು.

ಆದರೆ ಇದನ್ನೇ ನಂಬಿ ಕೂರುವಂತಿಲ್ಲ. 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಪೊಲೀಸ್ ಕಾಯ್ದೆಯ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿತು, ಕೌಶಲದ ಆಟಕ್ಕೆ ಕಟ್ಟುವ ಪಣವನ್ನೂ ಜೂಜೆಂದಿತು, ಕುದುರೆ ಓಟವನ್ನು ಮಾತ್ರ ಮುಟ್ಟಲಿಲ್ಲ. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ 2, 3, 6, 8 ಮತ್ತು 9ನೆಯ ಕಲಮುಗಳನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು, ಇಡೀ ತಿದ್ದುಪಡಿಯನ್ನಲ್ಲ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಹೀಗಾಗಿ ಪೇಟೆಯಲ್ಲಿ ಸಿಗುವ ಕಾಯ್ದೆಯ ಪುಸ್ತಕದಲ್ಲಿ ಅಚ್ಚಾಗಿರುವುದೆಲ್ಲ ಜೀವಂತವಾಗಿದೆ ಎಂದುಕೊಳ್ಳಬೇಡಿ. ಘಟನೆಯ ದಿನಾಂಕದಂದು ಆ ಕಲಮು ಯಾವ ರೂಪದಲ್ಲಿತ್ತು ಎಂದು ಕೇಳಿ. ಇದಲ್ಲದೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 112 ಇದೆ: ಗುಂಪು ಅಥವಾ ತಂಡವಾಗಿ ನಡೆಸುವ ಅನಧಿಕೃತ ಬೆಟ್ಟಿಂಗ್, ಜೂಜು ‘ಸಣ್ಣ ಸಂಘಟಿತ ಅಪರಾಧ’ವಾಗಿ, ಕನಿಷ್ಠ ಒಂದು ವರ್ಷದಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ. ಒಂದೇ ಮಟ್ಕಾ ಚೀಟಿ ಬರೆಯುವ ಕೆಲಸ ಪೊಲೀಸ್ ಕಾಯ್ದೆಯಡಿ ಒಂದು ತೂಕ, ಇಲ್ಲಿ ಬೇರೊಂದು ತೂಕ. ಯಾವುದನ್ನು ಹಚ್ಚಬೇಕೆಂಬುದು ಬಹುಮಟ್ಟಿಗೆ ಠಾಣೆಯಲ್ಲೇ ತೀರ್ಮಾನವಾಗುತ್ತದೆ. 112 ಕಂಡರೆ ಅದೇ ದಿನ ವಕೀಲರನ್ನು ಕಾಣಬೇಕು.

ಸಣ್ಣ ದಂಡವಲ್ಲವೇ, ಒಪ್ಪಿಕೊಂಡು ಕಟ್ಟಿಬಿಡೋಣ ಎನ್ನುವವರೇ ಹೆಚ್ಚು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೂ ಅಪರಾಧ ಸಾಬೀತಾದಂತೆಯೇ. ಸರ್ಕಾರಿ ನೌಕರಿಯ ಪೂರ್ವಾಪರ ಪರಿಶೀಲನೆಯ ಅರ್ಜಿಯಲ್ಲಿ ಆ ಸಾಲನ್ನು ತುಂಬಬೇಕಾದಾಗ ಅದರ ಬೆಲೆ ತಿಳಿಯುತ್ತದೆ. ಪರೀಕ್ಷೆಗಳಿಗಾಗಿ ಧಾರವಾಡದಲ್ಲಿ ಕೋಣೆ ಹಿಡಿದು ಓದುತ್ತಿರುವ ಹುಡುಗರ ಮನೆಯವರು ಇದನ್ನು ಮೊದಲೇ ಯೋಚಿಸಬೇಕು.

ಮೊಬೈಲ್ ಆಟಗಳ ವಿಷಯದಲ್ಲಿ ನಸೀಬ-ಕೌಶಲಗಳ ಹಳೆಯ ವಾದವೇ ಈಗ ಪಕ್ಕಕ್ಕೆ ಸರಿದಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಹಣ ಗೆಲ್ಲುವ ಯಾವ ಆಟವನ್ನೂ, ಅದು ಕೌಶಲದ್ದಾದರೂ, ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ ಮತ್ತು 1 ಕೋಟಿ ರೂಪಾಯಿಗಳವರೆಗೆ ದಂಡ, ಜಾಹೀರಾತು ಮಾಡುವವರಿಗೆ ಎರಡು ವರ್ಷಗಳವರೆಗೆ ಸೆರೆ ಮತ್ತು 50 ಲಕ್ಷದವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಕಟ್ಟೆಯ ಮೇಲೆ ಆಡಿದವನೂ ಅಪರಾಧಿ, ಮೊಬೈಲಿನಲ್ಲಿ ಲಕ್ಷ ಕಳೆದವನು ನೊಂದವನು ಎಂಬ ಈ ಅಸಮತೆಗೆ ನನಗೆ ಸಮಾಧಾನದ ಉತ್ತರ ಕಂಡಿಲ್ಲ. ಆಡಿದವನಿಗೆ ಶಿಕ್ಷೆಯಿಲ್ಲದ ಕಾರಣ ದೂರು ಕೊಡಲು ಹಿಂಜರಿಯಬೇಕಾಗಿಲ್ಲ. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿನ ವಹಿವಾಟು ಸಂಖ್ಯೆಗಳನ್ನು ಸ್ಕ್ರೀನ್‌ಶಾಟ್‌ನೊಡನೆ ಉಳಿಸಿಕೊಳ್ಳಿ. ಗೆದ್ದ ಹಣವಿದ್ದರೆ ಅದರ ಮೇಲೆ ಶೇ 30ರಷ್ಟು ಆದಾಯ ತೆರಿಗೆ ಇದೆ. ಆಟ ಅಕ್ರಮವಾಗಿತ್ತು ಎಂದರೆ ತೆರಿಗೆ ಇಲಾಖೆ ಬಿಡುವುದಿಲ್ಲ.

ಕೊನೆಗೆ ಸಾಲದ ಮಾತು. 1872ರ ಕರಾರು ಕಾಯ್ದೆಯ ಕಲಂ 30ರಂತೆ ಪಣದ ಕರಾರು ಅನೂರ್ಜಿತ. ಗೆದ್ದವನು ಆ ಹಣಕ್ಕಾಗಿ ದಾವೆ ಹೂಡಲಾರ. ಅನೂರ್ಜಿತವೆಂದರೆ ಕಾನೂನುಬಾಹಿರವೆಂದಲ್ಲ, ಆದ್ದರಿಂದ ಪಣಕ್ಕೆ ಹೊಂದಿಕೊಂಡ ಇತರ ಕರಾರುಗಳು ಉಳಿಯಬಲ್ಲವು ಎಂದು ಸುಪ್ರೀಂ ಕೋರ್ಟ್ 1959ರಲ್ಲಿ ಹೇಳಿತು. ಆದರೆ ಮುಂಬೈ ಪ್ರಾಂತದಲ್ಲಿ 1865ರ ಒಂದು ಕಾಯ್ದೆ ಅಂಥ ಕರಾರುಗಳನ್ನೂ ಅನೂರ್ಜಿತಗೊಳಿಸಿತ್ತು, ಹಳೆಯ ಧಾರವಾಡ ಜಿಲ್ಲೆ ಆ ಪ್ರಾಂತದಲ್ಲೇ ಇತ್ತು. ಆದ್ದರಿಂದ ನಮ್ಮ ಕಡೆಯ ವ್ಯಾಜ್ಯಗಳಲ್ಲಿ ಈ ಪ್ರಶ್ನೆಯನ್ನು ವಕೀಲರಲ್ಲಿ ಬೇರೆಯಾಗಿ ಕೇಳಬೇಕು. ಸೋತವನಿಂದ ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುವುದು ಈಗಿನ ರೂಢಿ. ಚೆಕ್ ಅಮಾನ್ಯವಾದರೆ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಪ್ರಕರಣ ನಿಲ್ಲಲು ಕಾನೂನಿನಂತೆ ವಸೂಲಾಗಬಲ್ಲ ಸಾಲ ಇರಬೇಕು. ಸಹಿ ಒಪ್ಪಿಕೊಂಡ ಮೇಲೆ ಅದು ಜೂಜಿನ ಬಾಕಿ ಎಂದು ತೋರಿಸುವ ಹೊಣೆ ಮಾತ್ರ ಸಹಿ ಮಾಡಿದವನ ಮೇಲೆ ಬೀಳುತ್ತದೆ. ನೋಟಿಸ್ ಕೈಗೆ ಬಂದರೆ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕೊಡಿ, ಆ ಉತ್ತರದಲ್ಲೇ ಸಾಲದ ನಿಜ ಸ್ವರೂಪವನ್ನು ಬರೆಯಿಸಿ. ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರನ್ನು ಪಡೆಯುವ ಹಕ್ಕುಳ್ಳವರು. ಹೋಗುವಾಗ ಎಫ್‌ಐಆರ್, ಪಂಚನಾಮೆ, ಚೆಕ್ಕಿನ ನೋಟಿಸ್, ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಯಾವುದಿದೆಯೋ ಅದರ ಎರಡೆರಡು ಝೆರಾಕ್ಸ್ ಪ್ರತಿಗಳು ಜೊತೆಗಿರಲಿ.