ಬ್ಲೇಮ್, ಅಕ್ಯೂಸ್, ಚಾರ್ಜ್: ಎಲ್ಲಿ ಯಾವುದು?

ಇಂಗ್ಲಿಷ್ ಬರಹ ತಿದ್ದುವುದು ನನ್ನ ಕೆಲಸ. ತಪ್ಪು ಹೊರಿಸುವ ಪದ ಬಂದರೆ ಮೊದಲು ನೋಡುವುದು ಎರಡೇ: ಹೊರಿಸುತ್ತಿರುವವರು ಯಾರು? ತಪ್ಪು ಮಾಡಿದ್ದು ಖಚಿತವೇ?

ಏನೋ ಕೆಟ್ಟದ್ದು ಆಗಿದೆ, ಅದಕ್ಕೆ ಕಾರಣ ಇದು ಎನ್ನುವುದಾದರೆ ಬ್ಲೇಮ್. ಮನುಷ್ಯರೇ ಆಗಬೇಕಿಲ್ಲ, ಮಳೆಯನ್ನೂ ಬ್ಲೇಮ್ ಮಾಡಬಹುದು. ಆದರೆ ಮಳೆಯನ್ನು ಅಕ್ಯೂಸ್ ಮಾಡೋಕಾಗಲ್ಲ, ಅಲ್ವಾ? ಅಕ್ಯೂಸ್ ಅಂದರೆ 'ನೀನೇ ಮಾಡಿದ್ದು' ಎಂದು ಬೆರಳು ತೋರಿಸುವುದು. ಆತ ಮಾಡದೆಯೂ ಇರಬಹುದು. ಅಪರಾಧದ ಸುದ್ದಿಯಲ್ಲಿ ಚಾರ್ಜ್ ಎಂದರೆ ಪೊಲೀಸರೋ ಸರ್ಕಾರಿ ವಕೀಲರೋ ಕಾನೂನಿನ ಪ್ರಕಾರ ಆರೋಪ ದಾಖಲಿಸಿದ್ದಾರೆ ಎಂದರ್ಥ. ಬರೀ ಅನುಮಾನ ಇರುವಾಗ ಇದನ್ನು ಬಳಸಿದರೆ ನಿಮ್ಮ ತಲೆಗೇ ಬರುತ್ತದೆ.

ಬಾಲದ ಪದಗಳೂ ಬೇರೆ ಬೇರೆ. ಬ್ಲೇಮ್‌ಗೆ ಫಾರ್, ಅಕ್ಯೂಸ್‌ಗೆ ಆಫ್, ಚಾರ್ಜ್‌ಗೆ ವಿತ್. 'ಅಕ್ಯೂಸ್ಡ್ ಫಾರ್ ಥೆಫ್ಟ್' ಎನ್ನುವುದನ್ನು ತಿದ್ದಿ ತಿದ್ದಿ ಸಾಕಾಗಿದೆ. ಬ್ಲೇಮ್‌ನಲ್ಲಿ ತಪ್ಪನ್ನು ಮೊದಲು ಹೇಳಿದರೆ ಆನ್ ಬರುತ್ತದೆ: 'ಬ್ಲೇಮ್ಡ್ ದ ಡಿಲೇ ಆನ್ ದ ಡ್ರೈವರ್'.

ಜಾಸ್ತಿ ಎಡವಟ್ಟಾಗುವುದು ಇಂಪೀಚ್‌ನಲ್ಲಿ. ಅದು ಕುರ್ಚಿಯಿಂದ ಇಳಿಸುವುದಲ್ಲ, ಅಧಿಕಾರದಲ್ಲಿರುವವರ ಮೇಲೆ ಆರೋಪ ಹೊರಿಸುವುದು. ಅಮೆರಿಕದಲ್ಲಿ ಅಧ್ಯಕ್ಷ ಕ್ಲಿಂಟನ್ 1998ರಲ್ಲಿ ಕೆಳಮನೆಯ ಮತದಿಂದ ಇಂಪೀಚ್ ಆದರು. 1999ರಲ್ಲಿ ಮೇಲ್ಮನೆಯಾದ ಸೆನೆಟ್ ಅವರನ್ನು ಖುಲಾಸೆ ಮಾಡಿತು. ಅಧ್ಯಕ್ಷರಾಗಿಯೇ ಮುಂದುವರಿದರು. ನಿಕ್ಸನ್ ಇಂಪೀಚ್ ಆಗಲೇ ಇಲ್ಲ. ಕೆಳಮನೆಯಲ್ಲಿ ಮತಕ್ಕೆ ಹಾಕುವ ಮೊದಲೇ, 1974ರಲ್ಲಿ ರಾಜೀನಾಮೆ ಕೊಟ್ಟರು. 'ಇಂಪೀಚ್ಡ್ ಪ್ರೆಸಿಡೆಂಟ್ ನಿಕ್ಸನ್' ಕಂಡರೆ ನಾನು ಸುಮ್ನೆ ಬಿಡುವುದಿಲ್ಲ.

ಬೈಯುವ ಪದಗಳಲ್ಲಿ ಸಂಬಂಧ ನೋಡಿ. ರೆಪ್ರಿಮ್ಯಾಂಡ್ ಮೇಲಿನವರು ಕೆಳಗಿನವರಿಗೆ ಕೊಡುವುದು, ಹೆಚ್ಚಾಗಿ ಕಚೇರಿಯ ರೀತಿಯಲ್ಲಿ. ಗೆಳೆಯನಿಗೆ ಅದನ್ನು ಕೊಡಿಸಿದರೆ ನಗು ಬರುತ್ತದೆ. ಅಲ್ಲಿ ರಿಪ್ರೋಚ್ ಸರಿ, ಸಿಟ್ಟಿಗಿಂತ ನೋವು ಜಾಸ್ತಿ ಇರುವ ಮಾತು. ಕ್ರಿಟಿಸೈಸ್ ಎಲ್ಲಕ್ಕಿಂತ ಹಗುರ. ಕಂಡೆಮ್ ತೀರಾ ಭಾರ, ಕೆಟ್ಟ ಅಡುಗೆಗೆಲ್ಲ ಖರ್ಚು ಮಾಡಬೇಡಿ.

ಸೆನ್ಶರ್ ಎಂದರೆ ಸಾಮಾನ್ಯವಾಗಿ ಒಂದು ಸಭೆ ಸೇರಿ ಅಧಿಕೃತವಾಗಿ ಛೀಮಾರಿ ಹಾಕುವುದು. 1954ರಲ್ಲಿ ಅಮೆರಿಕದ ಸೆನೆಟ್ ತನ್ನದೇ ಸದಸ್ಯ ಜೋಸೆಫ್ ಮೆಕಾರ್ಥಿಗೆ ಹಾಕಿದ್ದು ಅದೇ. ತಮಾಷೆಯೆಂದರೆ ಆ ನಿರ್ಣಯದ ಒಳಗಿರುವ ಪದ ಕಂಡೆಮ್. ಸೆನ್ಶರ್ ಬರೆಯುವಾಗ ಸ್ಪೆಲ್ಲಿಂಗಿನ ಕೊನೆ ಒಮ್ಮೆ ನೋಡಿ. ಸೆನ್ಸರ್ ಎಂದಾದರೆ ಛೀಮಾರಿ ಹೋಗಿ ಕತ್ತರಿ ಬರುತ್ತದೆ.