ಹಸಿರು ನೊಣದ ಜಾತಿ ಹೇಳಬೇಕಾ? ಬೆನ್ನಿನ ಫೋಟೊ ಸಾಲದು

ಧಾರವಾಡದ ಕಡೆ ಆಪೂಸಿನ ಮರ ಹೂ ಬಿಟ್ಟಾಗ ಗೊಂಚಲುಗಳನ್ನು ಹತ್ತಿರದಿಂದ ನೋಡಿ, ಫಳಫಳ ಹೊಳೆಯುವ ಹಸಿರು ನೊಣ ಸಿಗುತ್ತದೆ. ಮೀನು ಮಾರ್ಕೆಟ್ಟಿನಲ್ಲಿ, ತಿಪ್ಪೆಯ ಮೇಲೆ ಕೂರುವುದೂ ಇದೇ ಗುಂಪಿನದು. ನಾವು ಸುಮ್ನೆ 'ಹಸಿರು ನೊಣ' ಅಂದುಬಿಡುತ್ತೇವೆ, ಆದರೆ ಅದರಲ್ಲಿ ಹಲವು ಜಾತಿಗಳಿವೆ. ಬಣ್ಣ ನಂಬಬೇಡಿ. ಬಿಸಿಲು ಬಿದ್ದಂತೆ ಅದೇ ನೊಣ ಒಮ್ಮೆ ಹಸಿರು, ಒಮ್ಮೆ ನೀಲಿ, ಒಮ್ಮೆ ತಾಮ್ರ.

ಮೊದಲು ಬೇರೆಯವನ್ನು ಬಿಡಿ. ಬೂದು ಮೈ, ಬೆನ್ನ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಅದು ಮಾಂಸದ ನೊಣ. ಎಲೆ ಮೇಲೆ ಓಡಾಡುವ, ಉದ್ದ ಕಾಲಿನ, ಸಣ್ಣ ಹಸಿರು ನೊಣದ್ದು ಬೇರೆಯೇ ಕುಟುಂಬ.

ಬೆಳಗಿನ ಚಳಿಯಲ್ಲಿ ಹೋಗಿ, ಆಗ ನೊಣ ಮಂದವಾಗಿರುತ್ತದೆ. ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಸಾಕು. ಫ್ಲ್ಯಾಶ್ ಹಾಕುವುದಾದರೆ ಅದರ ಮುಂದೆ ಟಿಶ್ಯೂ ಕಾಗದ ಹಿಡಿಯಿರಿ, ಇಲ್ಲದಿದ್ದರೆ ಮೈಯೆಲ್ಲ ಬೆಳ್ಳಗೆ ಹೊಳೆದು ಏನೂ ಕಾಣುವುದಿಲ್ಲ. ಎಲ್ಲರೂ ಬೆನ್ನಿನದೇ ಫೋಟೊ ತೆಗೆಯುತ್ತಾರೆ. ನಿಜಕ್ಕೂ ಬೇಕಾಗಿದ್ದು ಮುಖ, ಭುಜದ ಪಕ್ಕ, ರೆಕ್ಕೆಯ ಬುಡ ಮತ್ತು ಮುಂಗಾಲು. (ತಿಪ್ಪೆ ಹತ್ತಿರ ಕೂತು ಬಂದಿದ್ದರೆ ಕೈ ತೊಳೆದೇ ಗಿರ್ಮಿಟ್ ಮುಟ್ಟಿ.)

ರೆಕ್ಕೆಯ ಬುಡದ ದಪ್ಪ ನರವನ್ನು ಮೇಲಿನಿಂದ ದೊಡ್ಡದು ಮಾಡಿ ನೋಡಿ. ಅದರ ಹಿಂಬದಿಗೆ ಸಾಲಾಗಿ ಕೂದಲಿದ್ದರೆ ಕ್ರೈಸೋಮಿಯ, ಬೋಳಾಗಿದ್ದರೆ ಬಹುಶಃ ಲೂಸಿಲಿಯ (ಇವೆರಡೂ ಕುಲದ ಹೆಸರು, ಒಂದೊಂದರಲ್ಲೂ ಹಲವು ಜಾತಿ). ಬಹುಶಃ ಅಂದಿದ್ದು ಯಾಕೆಂದರೆ ಹೆಮಿಪೈರೆಲಿಯ ಎಂಬ ಇನ್ನೊಂದಕ್ಕೂ ಅಲ್ಲಿ ಬೋಳೇ, ಫೋಟೊದಲ್ಲಿ ಇವೆರಡನ್ನು ಬಿಡಿಸುವುದು ತಲೆನೋವು. ಲೂಸಿಲಿಯ ಅಂತ ಗಟ್ಟಿಯಾದರೆ ಮುಂಗಾಲಿನ ತೊಡೆ ನೋಡಿ. ಹಸಿರು ಹೊಳಪಿದ್ದರೆ ಕುಪ್ರಿನ ಜಾತಿ, ಕಪ್ಪು ಅಥವಾ ಕಡುನೀಲಿ ಇದ್ದರೆ ಸೆರಿಕಾಟ ಜಾತಿ.

ಕ್ರೈಸೋಮಿಯ ಆದರೆ ಭುಜದ ಪಕ್ಕಕ್ಕೆ ಬನ್ನಿ. ಅಲ್ಲಿ ಉಸಿರಾಡುವ ಒಂದು ಸಣ್ಣ ತೂತಿದೆ. ಅದು ಕಡುಕಂದು ಇದ್ದು, ತಲೆ ದಪ್ಪಗಿದ್ದು, ಕೆನ್ನೆ ಕಿತ್ತಳೆ ಬಣ್ಣದ್ದಾದರೆ ಮೆಗಾಸೆಫಲ ಎಂಬ ಜಾತಿ ಇರಬಹುದು. ಗಂಡಾದರೆ ಕೆಲಸ ಸುಲಭ: ಎರಡೂ ಕಣ್ಣು ನಡುವೆ ಕೂಡಿರುತ್ತವೆ, ಮೇಲ್ಭಾಗದ ಕಣ್ಣಿನ ಹರಳುಗಳು ದೊಡ್ಡವು, ಕೆಳಗಿನವು ಸಣ್ಣವು, ನಡುವೆ ಗೆರೆ ಎಳೆದಷ್ಟು ಸ್ಪಷ್ಟ. ತೂತು ಬೆಳ್ಳಗಿದ್ದರೆ ರೂಫಿಫೇಸಿಸ್ ಅಥವಾ ಆಲ್ಬಿಸೆಪ್ಸ್. ತೂತಿನ ಹತ್ತಿರ ಒಂದು ಗಟ್ಟಿ ಬಿರುಗೂದಲು ಸಾಮಾನ್ಯವಾಗಿ ರೂಫಿಫೇಸಿಸ್‌ಗೆ ಇರುತ್ತದೆ, ಆಲ್ಬಿಸೆಪ್ಸ್‌ಗೆ ಇರುವುದಿಲ್ಲ. ಒಂದೇ ಕೂದಲಿನ ವ್ಯತ್ಯಾಸ, ಅದನ್ನು ಫೋನಿನಲ್ಲಿ ಹಿಡಿದರೆ ನೀವೇ ಗಟ್ಟಿಗರು!

ಬೆಝಿಯಾನ ಎಂಬುದರ ಬಗ್ಗೆ ಮಾತ್ರ ಹುಷಾರು. ಜೀವಂತ ದನದ ಗಾಯದಲ್ಲಿ ಹುಳ ಬೀಳಿಸುವ ಈ ನೊಣ ಮೆಗಾಸೆಫಲದಂತೆಯೇ ಕಾಣುತ್ತದೆ. ಗಂಡಿನ ಕಣ್ಣಿನಲ್ಲಿ ಆ ಸ್ಪಷ್ಟ ಗೆರೆ ಇರುವುದಿಲ್ಲ ಅಷ್ಟೇ. ದನದ ಗಾಯದಲ್ಲಿ ಹುಳ ಕಂಡರೆ ಫೋಟೊ ತೆಗೆಯುತ್ತ ಕೂರಬೇಡಿ, ದನದ ಡಾಕ್ಟರಿಗೆ ಫೋನ್ ಮಾಡಿ.

ಕೊನೆಗೆ ಐನ್ಯಾಚುರಲಿಸ್ಟ್‌ಗೆ (ಜೀವಿಗಳ ಫೋಟೊ ಹಾಕಿ ಹೆಸರು ಗುರುತಿಸುವ ಆಪ್) ಹಾಕುವಾಗ ಒಂದೇ ನೊಣದ ಎಲ್ಲ ಫೋಟೊಗಳನ್ನು ಒಂದೇ ದಾಖಲೆಯಲ್ಲಿ ಹಾಕಿ, ಊರು ಮತ್ತು ದಿನಾಂಕ ಸೇರಿಸಿ. ಆಪ್ ತಾನಾಗಿ ಸೂಚಿಸುವ ಹೆಸರನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ತೂತೂ ಕಾಣದೆ, ನರವೂ ಕಾಣದೆ ಇದ್ದರೆ ನೊಣದ ಕುಟುಂಬದ ಹೆಸರಷ್ಟೇ (ಕ್ಯಾಲಿಫೋರಿಡೆ) ಬರೆದು ಬಿಡಿ.